ಕಡಲಿಗೆ ಓಟಿಲ್ಲ

ನಮ್ಮ ಕಾರವಾರದ ನಗರಸಭೆಗೆ ನಿಲ್ಲುವ ಉಮೇದುವಾರರು ಬಲು ಸಜ್ಜನರು. ಗಟಾರ ತೆಗೆಸುತ್ತೇವೆ, ದೀಪ ಹಾಕಿಸುತ್ತೇವೆ ಎಂದು ಕೈಮುಗಿಯುತ್ತಾರೆ. ಗಟಾರದ ನೀರು ಎಲ್ಲಿಗೆ ಹೋಗುತ್ತದೆಂದು ಒಬ್ಬರನ್ನು ಕೇಳಿದೆ. “ಕಡಲಿಗೆ, ಸರ್” ಎಂದರು, ಕಡಲು ಬೇರೆ ವಾರ್ಡಿನದೆಂಬಂತೆ.

ದೊಡ್ಡ ಸಂಗತಿಗಳು ಅವರ ಕೈಯಲ್ಲಿಲ್ಲ, ನಿಜ. ಇಲ್ಲಿಯ ಬಂದರಿನ ವಿಸ್ತರಣೆಯ ವಿರುದ್ಧ ಮೀನುಗಾರರು 2020ರಲ್ಲಿ ಬೀದಿಗಿಳಿದರು. 2025ರಲ್ಲಿ ಅಂಕೋಲೆಯ ಕೇಣಿಯಲ್ಲಿಯೂ ಬಂದರು ಬೇಡವೆಂಬ ಅದೇ ಕೂಗು. 2024ರ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದು, ಜನರನ್ನೂ ಲಾರಿಯನ್ನೂ ಎಳೆದುಕೊಂಡು ಗಂಗಾವಳಿಗೆ ಇಳಿಯಿತು. ಇಂಥ ಕೆಲಸಗಳಿಗೆ ಅಪ್ಪಣೆ ಕೊಡುವವರು ಬೆಂಗಳೂರು, ದಿಲ್ಲಿಗಳಲ್ಲಿದ್ದಾರೆ. ಬಾಯಿ ಬಿಡುವುದಕ್ಕೆ ಮಾತ್ರ ಅಪ್ಪಣೆ ಬೇಕಿಲ್ಲವಷ್ಟೆ!

ಈ ಜಿಲ್ಲೆ ಬೇರೆ ಬಗೆಯ ಉಮೇದುವಾರರನ್ನೂ ಕಂಡಿದೆ. 1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು, 87ರ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ, ಪರಿಸರದ ಹೆಸರಿನಲ್ಲಿಯೇ ಮತ ಕೇಳಿದರು. ಸೋತರು. ಸ್ಥಾವರ ಎದ್ದಿತು, ಕಟ್ಟುತ್ತಿದ್ದಾಗಲೇ, 1994ರ ಮೇ ತಿಂಗಳಲ್ಲಿ, ಅದರ ಗುಮ್ಮಟವೊಂದರ ಒಳಭಾಗ ಕುಸಿದದ್ದೂ ಉಂಟು.

ಕಾರಂತರ ಕೃತಿಗಳಾವುವೆಂದರೆ ನನ್ನ ತರಗತಿಯ ಹುಡುಗರು ಕಾದಂಬರಿಗಳ ಪಟ್ಟಿ ಒಪ್ಪಿಸುತ್ತಾರೆ. ಆ ಸೋಲನ್ನೂ ಪಟ್ಟಿಗೆ ಸೇರಿಸಿಕೊಳ್ಳಿರೆಂದು ನಾನು ಹೇಳುವುದುಂಟು. ಪರೀಕ್ಷೆಗೆ ಬರುತ್ತದೆಯೇ ಎಂದು ಅವರು ಕೇಳುವುದೂ ಉಂಟು.