ಖಾಲಿ ಜಾಗ ಹೇಳಿದ್ದನ್ನು ನಾನು ಕೇಳಲಿಲ್ಲ

ನಾನು ಪತ್ತೆ ಮಾಡಿದೆನೆಂದು ನಂಬಿದ್ದ ಸೂಪರ್ನೋವಾ ಅವಶೇಷ, ಅವಶೇಷವೇ ಆಗಿರಲಿಲ್ಲ. ನಕ್ಷತ್ರವೊಂದು ಸಿಡಿದು ಸತ್ತ ಗುರುತೆಂದು ತೋರಿಸಿದ್ದು ಹೊಸ ನಕ್ಷತ್ರಗಳು ಕಾಯಿಸಿ ಬೆಳಗಿಸಿದ ಹೈಡ್ರೋಜನ್ ಮೋಡವನ್ನು.

ವಿಜಯನಗರದ ಬೀದಿದೀಪಗಳ ನಡುವೆ ಆಕಾಶ ನೋಡುವುದು ಕಷ್ಟ. ಆದರೆ ದೊಡ್ಡ ರೇಡಿಯೋ ದೂರದರ್ಶಕಗಳ ನಕ್ಷೆಗಳು ಎಲ್ಲರಿಗೂ ಉಚಿತ. ಅಮೆರಿಕದ ವಿಎಲ್‌ಎ 1,400 ಮೆಗಾಹರ್ಟ್ಸ್‌ನಲ್ಲಿ ತೆಗೆದ ನಕ್ಷೆಯಲ್ಲಿ, ಕ್ಷೀರಪಥದ ಪಟ್ಟಿಯೊಳಗೆ, ನನಗೊಂದು ಮಸುಕು ಉಂಗುರ ಕಂಡಿತು. ಪುಣೆ ಬಳಿಯ ಖೊಡದ್‌ನ ಜಿಎಂಆರ್‌ಟಿ ತನ್ನ 30 ಆಂಟೆನಾಗಳಿಂದ 2010–12ರಲ್ಲಿ 150 ಮೆಗಾಹರ್ಟ್ಸ್ ಸಮೀಕ್ಷೆ ನಡೆಸಿತ್ತು. ಅದರಲ್ಲಿ ಅದೇ ಜಾಗ ಖಾಲಿ.

ಆ ಖಾಲಿ ಜಾಗವೇ ಉತ್ತರವಾಗಿತ್ತು. ಅವಶೇಷದಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗದ ಹತ್ತಿರದಲ್ಲಿ ಕಾಂತಕ್ಷೇತ್ರವನ್ನು ಸುತ್ತುತ್ತ ರೇಡಿಯೋ ಅಲೆ ಹೊಮ್ಮಿಸುತ್ತವೆ. ಕಂಪನಾಂಕ ಇಳಿದಷ್ಟೂ ಅದು ಪ್ರಖರ. 1,400ರಿಂದ 150ಕ್ಕೆ ಬಂದರೆ ಸಾಮಾನ್ಯವಾಗಿ ಸುಮಾರು ಮೂರು ಪಟ್ಟು. ಬಿಸಿ ಮೋಡದ ರೀತಿ ಬೇರೆ: ಕಂಪನಾಂಕ ಇಳಿದಂತೆ ಅದು ಅಪಾರದರ್ಶಕವಾಗಿ ಮಂಕಾಗುತ್ತದೆ. ಇದು ನನಗೆ ಗೊತ್ತಿತ್ತು. ಆದರೂ, ಚದುರಿ ನಿಂತ ಆಂಟೆನಾಗಳು ಹರಡಿಕೊಂಡ ಹೊಳಪನ್ನು ಹಿಡಿಯಲಾರವು, ಉಂಗುರ ಕಾಣದಿರುವುದು ಅದಕ್ಕೇ ಎಂದು ಸಮಾಧಾನ ಮಾಡಿಕೊಂಡೆ. ವಿಶಾಲ ಅವಶೇಷಗಳ ಮಟ್ಟಿಗೆ ಆ ಮಾತು ನಿಜ. ಕೆಲವೇ ಆರ್ಕ್‌ಮಿನಿಟ್ ಅಗಲದ ಉಂಗುರ ಹಾಗೆ ಮಾಯವಾಗುವುದಿಲ್ಲ. ಅದು ಅವಶೇಷವೇ ಆಗಿರಲಿ ಎಂಬ ಆಸೆ ನನ್ನಲ್ಲಿ ಅಷ್ಟು ಬಲವಾಗಿತ್ತು. ಹಂಪಿನಗರದ ಗ್ರಂಥಾಲಯಕ್ಕೆ ಓದಲು ಬರುತ್ತಿದ್ದ ಹುಡುಗರಿಗೂ ಅದನ್ನು ನಿಶ್ಚಯದ ದನಿಯಲ್ಲೇ ಹೇಳಿಬಿಟ್ಟಿದ್ದೆ.

ರೇಡಿಯೋ ಖಗೋಳ ಬಲ್ಲ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: ಅವಕೆಂಪಿನಲ್ಲಿ ನೋಡಿದಿರಾ? ನಾಸಾದ ವೈಸ್ ಉಪಗ್ರಹದ 22 ಮೈಕ್ರಾನ್ ಚಿತ್ರ ತೆರೆದೆ. ಉಂಗುರದ ತುಂಬ ಬಿಸಿ ದೂಳು ಪ್ರಜ್ವಲಿಸುತ್ತಿತ್ತು. ಅವಶೇಷಗಳಲ್ಲಿ ಇಷ್ಟು ದೂಳಿನ ಹೊಳಪು ಅಪರೂಪ.

ನನ್ನನ್ನು ಹೆಚ್ಚು ಕಾಡಿದ್ದು, ತಗ್ಗಿನ ಕಂಪನಾಂಕ ಕಲಿಸುವ ಈ ಪಾಠ ನಮ್ಮ ನೆಲದಲ್ಲೇ ಇತ್ತೆಂಬುದು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಗೌರಿಬಿದನೂರಿನಲ್ಲಿ ಸಾವಿರ ಡೈಪೋಲ್ ಆಂಟೆನಾಗಳನ್ನು ಟಿ ಆಕಾರದಲ್ಲಿ ನೆಟ್ಟು, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದವು. ಪೂರ್ವ-ಪಶ್ಚಿಮ ತೋಳೇ ಸುಮಾರು 1.4 ಕಿ.ಮೀ. ದ್ವಾರಕಾನಾಥ್ ಮತ್ತು ಉದಯಶಂಕರ್ 1990ರಲ್ಲಿ ಪ್ರಕಟಿಸಿದ ಸಮೀಕ್ಷೆ ಅಲ್ಲಿಯದೇ. ಅಷ್ಟು ತಗ್ಗಿನ ಕಂಪನಾಂಕದಲ್ಲಿ ಬಿಸಿ ಮೋಡಗಳು ಕ್ಷೀರಪಥದ ಹೊಳಪಿನೆದುರು ಕಪ್ಪಾಗಿ ಕಾಣಬಲ್ಲವು. ಸಿಗ್ನಸ್ ಲೂಪ್, ವೇಲಾದಂಥ ಅವಶೇಷಗಳು ಬೆಳಗುತ್ತವೆ.

ಗ್ರಂಥಾಲಯದ ಆ ಹುಡುಗರ ಮುಂದೆ ವಿಎಲ್‌ಎ, ಜಿಎಂಆರ್‌ಟಿ, ವೈಸ್‌ಗಳ ಮೂರೂ ಚಿತ್ರಗಳನ್ನು ಒಟ್ಟಿಗಿಟ್ಟು ತಿದ್ದಿ ಹೇಳಿದೆ.

ಕೇಂಬ್ರಿಡ್ಜ್‌ನ ಡೇವಿಡ್ ಗ್ರೀನ್ ಅವರ ಪಟ್ಟಿಯಲ್ಲಿ ಈಗ ನಮ್ಮ ಕ್ಷೀರಪಥದ 300ಕ್ಕೂ ಹೆಚ್ಚು ಅವಶೇಷಗಳಿವೆ. ಇರಬೇಕಾದವು ಸಾವಿರಕ್ಕೂ ಮಿಕ್ಕಿ ಎಂಬುದು ವಿಜ್ಞಾನಿಗಳ ಅಂದಾಜು. ಉಳಿದವು ಬಲು ಮಸುಕು. ಅವನ್ನು ಹುಡುಕಲು ಕಣ್ಣುಗಳು ಬೇಕು. ನೀವೂ ಹುಡುಕಿ. ಉಂಗುರ ಸಿಕ್ಕರೆ ಯಾರಿಗೂ ಹೇಳುವ ಮುನ್ನ 150 ಮೆಗಾಹರ್ಟ್ಸ್‌ನ ನಕ್ಷೆಯನ್ನೂ ಅವಕೆಂಪು ಚಿತ್ರವನ್ನೂ ತೆರೆದು ನೋಡಿ.