ಗಂಡು ದನಿ, ಹೆಣ್ಣು ದನಿ

ಹುಬ್ಬಳ್ಳಿ ಕಡೆಯವರು ಎಂದು ಹೇಳಿಕೊಂಡರೆ ಸಾಕು, ನಮ್ಮ ಕಚೇರಿಯ ತೆಲುಗು ಮಿತ್ರರು "ಹಾಗಾದರೆ ನಿಮಗೆ ಹಾಡಲು ಬರಬೇಕಲ್ಲ!" ಎನ್ನುತ್ತಾರೆ. ಅವರದೇನೂ ತಪ್ಪಿಲ್ಲ. ಸವಾಯಿ ಗಂಧರ್ವರು ಕುಂದಗೋಳದವರು. ಮಲ್ಲಿಕಾರ್ಜುನ ಮನಸೂರರು ಧಾರವಾಡದ ಮಗ್ಗುಲ ಮನಸೂರಿನವರು. ಕುಮಾರ ಗಂಧರ್ವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯವರು. ಭೀಮಸೇನ ಜೋಶಿಯವರು ಈಗಿನ ಗದಗ ಜಿಲ್ಲೆಯವರು. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು ಧಾರವಾಡ, ಬಾಳಿದ್ದು ಹುಬ್ಬಳ್ಳಿ. ಇಷ್ಟು ಮಂದಿ ಹಾಡಿ ಹದಮಾಡಿದ ನೆಲದಲ್ಲಿ ಹುಟ್ಟಿದ ಗುಮಾಸ್ತನೊಬ್ಬನಿಗೆ ಒಂದು ಯಮನ್ ರಾಗವಾದರೂ ಬರಬಾರದೇ? ನಮಗೆ ಬರುವುದಿಲ್ಲ. ಬಿ.ಎಸ್ಸಿ. ಓದುವಾಗ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸೋನೋಮೀಟರಿನ ತಂತಿ ಮೀಟಿದ್ದಷ್ಟೇ ನಮ್ಮ ಸಂಗೀತಾಭ್ಯಾಸ.

ಆದರೆ ಮಗಳು ಹಾಡುತ್ತಾಳೆ. ಹಾಡುತ್ತಿದ್ದಳು ಎಂದು ಬರೆಯುವ ಪ್ರಸಂಗ ನಡುವೆ ಬಂದಿತ್ತು. ಅದನ್ನೇ ಇಲ್ಲಿ ಹೇಳಹೊರಟಿದ್ದೇವೆ.

ಪುಟ್ಟಿಗೆ ಈಗ ಹದಿನೈದು. ಐದು ವರ್ಷಗಳಿಂದ ಹಿಂದುಸ್ತಾನಿ ಕಲಿಯುತ್ತಿದ್ದಾಳೆ. ಬೆಳಗಿನ ಆರು ಗಂಟೆಗೆ ನಾಂಪಲ್ಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಶ್ರುತಿಪೆಟ್ಟಿಗೆ ಗುಂಯ್‌ಗುಡತೊಡಗಿದರೆ, ಅತ್ತ ರೈಲ್ವೆ ಸ್ಟೇಷನ್ನಿನ ಪ್ರಕಟಣೆ, ಇತ್ತ ಆಟೋಗಳ ಕೂಗು, ನಡುವೆ ಅವಳ ಷಡ್ಜ. ಹದಿಮೂರು ದಾಟಿದ ಮೇಲೆ ಅವಳ ದನಿ ದಪ್ಪಗಾಯಿತು. ಬೆಳೆಯುವ ಮಕ್ಕಳಿಗೆ ಇದೆಲ್ಲ ಇದ್ದದ್ದೇ ಎಂದು ನಾವು ಗಮನಿಸಲಿಲ್ಲ.

ಕಳೆದ ವರ್ಷ ಒಂದು ಗಾಯನ ಸ್ಪರ್ಧೆಗೆ ಹೋದೆವು. ಯಾವುದು, ಎಲ್ಲಿ ಎಂಬುದು ಬೇಡ. ಪುಟ್ಟಿ ಹಾಡಿ ಮುಗಿಸಿದಳು. ತೀರ್ಪುಗಾರರೊಬ್ಬರು ಮೈಕಿನಲ್ಲಿಯೇ, "ಕಣ್ಣು ಮುಚ್ಚಿಕೊಂಡು ಕೇಳಿದರೆ ಯಾರೋ ಹುಡುಗ ಹಾಡಿದ ಹಾಗಿದೆಯಮ್ಮಾ. ಹಾಡುವುದಕ್ಕಿಂತ ಯಾವುದಾದರೂ ವಾದ್ಯ ಕಲಿಯುವುದು ಒಳ್ಳೆಯದು" ಎಂದರು. ಸಭೆ ನಕ್ಕಿತು. ಓದುಗರಲ್ಲಿ ಮುಚ್ಚಿಡುವುದೇನು, ನಾವೂ ನಕ್ಕೆವು. ನಾಲ್ಕು ಜನ ನಕ್ಕಾಗ ತಾನೊಬ್ಬ ನಗದೆ ಕೂಡುವ ಧೈರ್ಯ ಗುಮಾಸ್ತನಿಗೆ ಇರುವುದಿಲ್ಲ. ಆದರೆ ವೇದಿಕೆಯ ಮೇಲಿಂದ ಅವಳು ನೋಡುತ್ತಿದ್ದದ್ದು ನಮ್ಮನ್ನೇ.

ಮೆಟ್ರೋದಲ್ಲಿ ಮನೆಗೆ ಬರುವಾಗ ಅವಳು ಮಾತಾಡಲಿಲ್ಲ. ಮನೆಗೆ ಬಂದವಳೇ ಶ್ರುತಿಪೆಟ್ಟಿಗೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟುಬಿಟ್ಟಳು. "ಅಪ್ಪಾ, ನಾ ಇನ್ನ ಹಾಡಂಗಿಲ್ಲ" ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ದಾರಿಯಾದರೂ ಇರುತ್ತಿತ್ತು. ಮರುದಿನದಿಂದ ಬೆಳಗಿನ ಆರು ಗಂಟೆಗೆ ನಮ್ಮ ಮನೆಯಲ್ಲಿ ಸ್ಟೇಷನ್ನಿನ ಪ್ರಕಟಣೆ ಬಹಳ ಸ್ಪಷ್ಟವಾಗಿ ಕೇಳಿಸತೊಡಗಿತು.

ಎರಡು ತಿಂಗಳು ಹೀಗೇ ಕಳೆಯಿತು. ಜನವರಿಯಲ್ಲಿ ನುಮಾಯಿಷ್ ನೋಡಲೆಂದು ತಂಗಿಯ ಮಗ ಬಂದ. ಇಂಜಿನಿಯರಿಂಗ್ ಓದುವ ಹುಡುಗ. ಪುಸ್ತಕಕ್ಕಿಂತ ಫೋನೇ ಹೆಚ್ಚು. ಒಂದು ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಏನೋ ಹಾಡು ಹಚ್ಚಿದ. ಭಾಷೆ ತಿಳಿಯದು, ಆದರೆ ಅಳುವೂ ಸುಖವೂ ಕೂಡಿದಂಥ ನಿಧಾನದ ಹಾಡು. ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ನಮ್ಮ ಅವ್ವ, "ಯಾರದಾಳೋ ಆ ಹೆಣ್ಮಗಳು? ಭಾಳ ಚಂದ ಹಾಡ್ಲಿಕ್ಹತ್ತ್ಯಾಳ" ಎಂದರು.

"ಹೆಣ್ಮಗಳಲ್ಲಜ್ಜಿ, ಗಂಡಸು!" ಎಂದು ಅವನು ಫೋನನ್ನು ಅವ್ವನ ಮುಂದೆ ಹಿಡಿದ. ನಾವೂ ಬಗ್ಗಿ ನೋಡಿದೆವು. ಚಡ್ಡಿ, ಕ್ಯಾನ್ವಾಸ್ ಬೂಟು ಹಾಕಿದ, ಕುಸ್ತಿಯ ಮೈಯ ಹುಡುಗನೊಬ್ಬ ನಿಂತು ಹೆಣ್ಣಿನ ಎತ್ತರದಲ್ಲಿ ಹಾಡುತ್ತಿದ್ದಾನೆ!

ಆತನ ಹೆಸರು ಯಾಕುಬ್ ಯೂಜೆಫ್ ಒರ್ಲಿನ್ಸ್ಕಿ. ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ 1990ರಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಹುಡುಗರ ಮೇಳದಲ್ಲಿ ಹಾಡುತ್ತಿದ್ದವನು, ದನಿ ಒಡೆದ ಮೇಲೂ ಮೇಲಿನ ಸ್ವರಗಳನ್ನು ಬಿಡದೆ ಸಾಧಿಸಿ, ವಾರ್ಸಾದ ಶೋಪೆನ್ ಸಂಗೀತ ವಿಶ್ವವಿದ್ಯಾಲಯದಲ್ಲಿಯೂ ನ್ಯೂಯಾರ್ಕಿನ ಜೂಲಿಯಾರ್ಡಿನಲ್ಲಿಯೂ ಕಲಿತ. ನಾವು ನೋಡಿದ್ದು 2017ರಲ್ಲಿ ಫ್ರಾನ್ಸಿನ ಏಕ್ಸ್ ಊರಿನ ಸಂಗೀತೋತ್ಸವದ ಸಮಯದಲ್ಲಿ ರೇಡಿಯೋ ಕಾರ್ಯಕ್ರಮಕ್ಕೆ ಹಾಡಿದ್ದು. ರೇಡಿಯೋ ತಾನೇ, ಯಾರು ನೋಡುತ್ತಾರೆ ಎಂದು ಚಡ್ಡಿಯಲ್ಲೇ ಹೋಗಿದ್ದನಂತೆ. ಅದನ್ನೇ ಲಕ್ಷಾಂತರ ಜನ ನೋಡಿದರು. ಹಾಡು ಇಟಲಿಯ ವಿವಾಲ್ಡಿ 1724ರಲ್ಲಿ ರಚಿಸಿದ ಸಂಗೀತನಾಟಕದ್ದು. ಈ ಹುಡುಗ ಬ್ರೇಕ್ ಡ್ಯಾನ್ಸನ್ನೂ ಮಾಡುತ್ತಾನೆ. 2024ರ ಪ್ಯಾರಿಸ್ ಒಲಿಂಪಿಕ್ಸಿನ ಉದ್ಘಾಟನೆಯ ದಿನ ಮಳೆಯಲ್ಲಿ ಹಾಡಿ ಕುಣಿದವನೂ ಇವನೇ.

ಪುಟ್ಟಿ ಪುಸ್ತಕದ ಮೇಲಿನಿಂದ ಕಣ್ಣೆತ್ತಿದ್ದಳು. ಅದನ್ನು ಕಂಡ ತಂಗಿಯ ಮಗ ಅದೇ ದೇಶದ ಇನ್ನೊಬ್ಬ ಗಾಯಕಿಯ ಹಾಡು ಹಚ್ಚಿದ. ಎವಾ ಪೊಡ್ಲೆಶ್. 1952ರಲ್ಲಿ ವಾರ್ಸಾದಲ್ಲೇ ಹುಟ್ಟಿ, ಅಲ್ಲಿಯೇ ಕಲಿತು, 2024ರ ಜನವರಿಯಲ್ಲಿ ತೀರಿಕೊಂಡವರು. ಈಕೆಯದು ಬಾವಿಯ ತಳದಿಂದ ಎದ್ದು ಬರುವಂಥ ದನಿ. ಹೆಂಗಸರಲ್ಲಿ ಅಷ್ಟು ಮಂದ್ರಕ್ಕೆ ಇಳಿಯುವ ಕಂಠ ಬಲು ವಿರಳ. 1984ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾದಲ್ಲಿ ಮೊದಲ ಸಲ ಹಾಡಿದಾಗ ಆಕೆ ವಹಿಸಿದ್ದು ಗಂಡು ಪಾತ್ರ: ಹ್ಯಾಂಡೆಲ್ 1711ರಲ್ಲಿ ಲಂಡನ್ನಿಗಾಗಿ ಬರೆದ ‘ರಿನಾಲ್ಡೋ’ ನಾಟಕದ ನಾಯಕ, ಒಬ್ಬ ವೀರಯೋಧ. ವಿಚಿತ್ರ ನೋಡಿ, 2017ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅದೇ ರಿನಾಲ್ಡೋ ಆದವನು ನಮ್ಮ ಚಡ್ಡಿಯ ಹುಡುಗ! ಆ ಕಾಲದ ಯುರೋಪಿನಲ್ಲಿ ವೀರನಾಯಕರ ಹಾಡುಗಳನ್ನು ಎತ್ತರದ ದನಿಗೇ ಬರೆಯುತ್ತಿದ್ದರು. ಬಾಲ್ಯದಲ್ಲೇ ಶಸ್ತ್ರಕ್ರಿಯೆ ಮಾಡಿ ದನಿ ಒಡೆಯದಂತೆ ಮಾಡಿದ ಗಾಯಕರು ಅವನ್ನು ಹಾಡುತ್ತಿದ್ದರು. ಆ ಕ್ರೂರ ಪದ್ಧತಿ ನಿಂತುಹೋಯಿತು, ಹಾಡುಗಳು ಉಳಿದವು. ಅವನ್ನು ಈಗ ಹಾಡುವವರು ಯಾರು? ಹೆಣ್ಣಿನ ಎತ್ತರಕ್ಕೆ ಏರಬಲ್ಲ ಗಂಡಸರು, ಇಲ್ಲವೇ ದಪ್ಪ ದನಿಯ ಹೆಂಗಸರು. ಎಲ್ಲರಂತಿಲ್ಲದ ದನಿಯೇ ಅವರ ಬಂಡವಾಳ.

ಅವ್ವ ಅಡಿಕೆಯ ತಟ್ಟೆ ಬದಿಗಿಟ್ಟರು. "ಇದರಾಗ ಏನ್ ಹೊಸಾದೈತಿ? ನಮ್ಮ ಗಂಗೂಬಾಯೀ ಹಾಡು ರೇಡಿಯೋದಾಗ ಬಂದ್ರ ನಮ್ಮಪ್ಪ, ಯಾರದಾರ ಈ ಬುವಾ ಅಂತ ಕೇಳಿದ್ದ" ಎಂದರು.

ನಾವು ತಲೆಯ ಮೇಲೆ ಕೈಹೊತ್ತು ಕೂತೆವು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮಗಾಗಿಯೇ ಹುಟ್ಟಿದ್ದಿರಬೇಕು. ಹುಬ್ಬಳ್ಳಿಯಲ್ಲಿ ಬೆಳೆದು, ಆ ದನಿಯನ್ನು ಕೇಳುತ್ತ ಬೆಳೆದು, ಮಗಳ ವಿಷಯಕ್ಕೆ ಅದು ನೆನಪಾಗಲು ಪೋಲೆಂಡಿನವರೆಗೆ ಹೋಗಿಬರಬೇಕಾಯಿತು!

ಆ ರಾತ್ರಿ ಅವ್ವನಿಂದಲೂ ನಮ್ಮಿಂದಲೂ ಪುಟ್ಟಿಗೆ ಗಂಗೂಬಾಯಿಯವರ ಕಥೆ ನಡೆಯಿತು. ಹುಟ್ಟಿದ್ದು 1913ರ ಮಾರ್ಚ್ 5ರಂದು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಹಾಡುಗಾರ್ತಿ. ಮಗಳ ಒಲವು ಹಿಂದುಸ್ತಾನಿ ಕಡೆಗೆ ಎಂದು ಕಂಡು ಆ ತಾಯಿ ತನ್ನ ಪದ್ಧತಿಯನ್ನು ಮಗಳ ಮೇಲೆ ಹೇರಲಿಲ್ಲ. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಈಕೆಯೂ ಇದ್ದಳು. ಹಾಡಿ ಬಂದವಳಿಗೆ, ತನ್ನ ಜಾತಿಯ ಕಾರಣಕ್ಕೆ ಊಟದ ಎಲೆ ಎತ್ತಲು ಹೇಳಿಯಾರೆಂಬ ಅಂಜಿಕೆ. ಧಾರವಾಡದ ಓಣಿಯಲ್ಲಿ ಹೋಗುವಾಗ "ಗಾನೇವಾಲಿ" ಎಂದು ಹೀಯಾಳಿಸುವ ಜನ. ಒಂದು ಮಾತು ಮೈಕಿನಲ್ಲಿ ಕೇಳಿದ್ದಕ್ಕೆ ನಮ್ಮ ಪುಟ್ಟಿ ಪೆಟ್ಟಿಗೆ ಕಟ್ಟಿಟ್ಟಳು. ಆಕೆ ಅಂಥ ಮಾತನ್ನು ದಿನವೂ ಕೇಳಿದವರು.

1930ರ ದಶಕದ ಆರಂಭದಲ್ಲಿ ಎಚ್.ಎಂ.ವಿ.ಯವರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಆಕೆಯ ತಟ್ಟೆಗಳನ್ನು ಹೊರಡಿಸಿದರು. ತಂಗಿಯ ಮಗ ಫೋನಿನಲ್ಲಿ ಅವುಗಳಲ್ಲೊಂದನ್ನು ಹುಡುಕಿ ಹಚ್ಚಿದ. ನಮಗೆ ನಂಬಿಕೆಯೇ ಬರಲಿಲ್ಲ. ಎಳೆಯ, ತೆಳ್ಳನೆಯ, ಗೆಜ್ಜೆಯಂಥ ದನಿ! ಮುಂದೆ ಗಂಟಲಿಗೆ ಚಿಕಿತ್ಸೆಯಾದ ಮೇಲೆ ಆ ದನಿ ಹೋಯಿತು. ಬಂದದ್ದು ನಾವೆಲ್ಲ ಬಲ್ಲ, ನಗಾರಿಯಂಥ ದನಿ. ಹಾಡಿಯೇ ಮನೆ ನಡೆಸಬೇಕಾದ ಹೆಂಗಸು. ತಾಯಿ 1932ರಲ್ಲೇ ತೀರಿಹೋಗಿದ್ದರು. ಅಂಥವರಿಗೆ ಇದ್ದ ದನಿ ಹೋದರೆ ಹೇಗಾಗಿರಬೇಡ! ಹೋದದ್ದಕ್ಕೆ ಅಳುತ್ತ ಕೂಡದೆ, ಬಂದದ್ದನ್ನೇ ಪಳಗಿಸಿದರು. ಅದಕ್ಕೆ ತಕ್ಕ ಶ್ರುತಿ ಹಿಡಿದರು, ಅದರ ಭಾರಕ್ಕೆ ಒಪ್ಪುವಂತೆ ರಾಗವನ್ನು ಮೆಲ್ಲಗೆ ಒಂದೊಂದೇ ಸ್ವರವಾಗಿ ಬಿಡಿಸಿದರು.

ಗುರುವೂ ತಕ್ಕವರೇ. ಸವಾಯಿ ಗಂಧರ್ವರು (1886-1952) ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರ ಶಿಷ್ಯರು. ಮರಾಠಿ ರಂಗಭೂಮಿಯಲ್ಲಿ ಹೆಣ್ಣು ಪಾತ್ರಗಳಿಗೂ ಹೆಸರಾದವರು. ಸವಾಯಿ ಎಂದರೆ ಒಂದೂಕಾಲು. ಬಾಲಗಂಧರ್ವರಿಗಿಂತ ಕಾಲುಭಾಗ ಹೆಚ್ಚು ಎಂಬ ಮೆಚ್ಚುಗೆ ಆ ಬಿರುದಿನಲ್ಲಿದೆ. ಸೀರೆಯುಟ್ಟು ರಂಗದ ಮೇಲೆ ನಿಂತ ಗಂಡಸು ಗುರು, ಗಂಡು ದನಿಯ ಹೆಂಗಸು ಶಿಷ್ಯೆ. ಕುಂದಗೋಳದಲ್ಲಿ ಅದನ್ನು ಯಾರೂ ಕೊರತೆ ಎನ್ನಲಿಲ್ಲ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ರಾತ್ರಿ ಮರಳುತ್ತಿದ್ದರು. ಒಂದೇ ಪಲುಕನ್ನು ಗುರುಗಳು ಒಪ್ಪುವವರೆಗೆ ತಿರುತಿರುಗಿ ಹಾಡಬೇಕು. ಆ ದಾರಿಯಲ್ಲಿ ನಾವು ಎಷ್ಟೋ ಸಲ ಪ್ಯಾಸೆಂಜರ್ ಗಾಡಿಯಲ್ಲಿ ಶೇಂಗಾ ತಿನ್ನುತ್ತ ಹೋಗಿದ್ದೇವೆ. ಸಿಪ್ಪೆ ಚೆಲ್ಲಿದ್ದರ ಹೊರತು ಬೇರೆ ಸಾಧನೆ ಮಾಡಲಿಲ್ಲ.

1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. 2006ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಕೊನೆಯ ಕಛೇರಿ ಮಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಕಣ್ಣುಮುಚ್ಚಿದರು.

"ಮತ್ತ ಆ ಮೊದಲಿನ ದನಿ ಹೋದದ್ದು ಚಲೋ ಆತೋ, ಕೆಟ್ಟಾತೋ?" ಎಂದು ಪುಟ್ಟಿ ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ. ಅವ್ವನೇ, "ಹೋದದ್ದು ಕೆಟ್ಟದ್ದ ವಾ. ಆಕಿ ಅದನ್ನ ಚಲೋ ಮಾಡ್ಕೊಂಡಳು" ಎಂದರು.

ನಮಗೆ ಗೊತ್ತಿದ್ದದ್ದು ಸೋನೋಮೀಟರು. ಮರುದಿನ ಕಾಗದ ಪೆನ್ಸಿಲು ಹಿಡಿದು ಮಗಳ ಮುಂದೆ ಕೂತೆವು. ಗಂಟಲಿನಲ್ಲಿ ಎರಡು ಪುಟ್ಟ ಮಡಿಕೆಗಳಿವೆ. ಉಸಿರು ಹಾಯ್ದಾಗ ಅವು ಅದುರುತ್ತವೆ. ಸಾಮಾನ್ಯವಾಗಿ ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ. ತಂತಿ ಉದ್ದವಾದಷ್ಟೂ ದಪ್ಪವಾದಷ್ಟೂ ನಿಧಾನಕ್ಕೆ ಅದುರುವಂತೆ ಈ ಮಡಿಕೆಗಳೂ. ಆ ಪೋಲಿಷ್ ಹುಡುಗ ಮಡಿಕೆಗಳ ಅಂಚನ್ನಷ್ಟೇ ಅದುರಿಸಿ ಮೇಲೇರುತ್ತಾನೆ. ತಂಬೂರಿಯಲ್ಲಿ ಖರ್ಜದ ತಂತಿ ಉಳಿದವುಗಳಿಗಿಂತ ದಪ್ಪ. ಅದು ತಪ್ಪು ತಂತಿಯೇ? ಅದನ್ನು ಬಿಚ್ಚಿದರೆ ತಂಬೂರಿ ನಿಂತೀತೇ?

ಇಷ್ಟು ಹೇಳಿ, ಹೇಳಲೇಬೇಕಾದ ಮಾತನ್ನೂ ಹೇಳಿದೆವು. "ಅವತ್ತ ನಾ ನಗಬಾರದಿತ್ತು, ಪುಟ್ಟಿ. ತಪ್ಪಾತು."

ಅವಳು ಸ್ವಲ್ಪ ಹೊತ್ತು ಪೆನ್ಸಿಲ್ ತಿರುವುತ್ತ ಕೂತಿದ್ದು, "ಎಲ್ಲಾರೂ ನಕ್ರು, ಅದಕ್ಕೇನೂ ಅನಿಸಲಿಲ್ಲಪ್ಪಾ" ಎಂದಳು. ಮುಂದಿನದನ್ನು ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ.

ಪೆಟ್ಟಿಗೆ ಕೆಳಗಿಳಿಯಲು ಇನ್ನೂ ಹದಿನೈದು ದಿನ ಹಿಡಿಯಿತು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಪಾಠದ ಮನೆಯಲ್ಲಿ ಹುಡುಗಿಯರೆಲ್ಲ ಕರಿ ಐದರ ಶ್ರುತಿಯಲ್ಲಿ ಹಾಡುತ್ತಾರೆಂದು ಇವಳನ್ನೂ ಅಲ್ಲಿಗೇ ಎಳೆದಿದ್ದರು. ತಾರಸ್ಥಾಯಿಯಲ್ಲಿ ದನಿ ಒಡೆಯುತ್ತಿದ್ದದ್ದು ಅದಕ್ಕೇ. ಈಗ ಬಿಳಿ ನಾಲ್ಕಕ್ಕೆ ಇಳಿಸಿದ್ದಾರೆ. ಹಾರ್ಮೋನಿಯಮ್ಮಿನ ಮೇಲೆ ನಾಲ್ಕು ಬೆರಳಿನಷ್ಟೂ ದೂರವಿಲ್ಲ. ಅಷ್ಟಕ್ಕೆ ಒಂದು ಮಗು ಹಾಡನ್ನೇ ಬಿಟ್ಟಿತ್ತು!

ಅವಳು ಮುಂದೆ ದೊಡ್ಡ ಗಾಯಕಿಯಾಗುತ್ತಾಳೆಂದು ನಾವು ಬರೆಯುತ್ತಿಲ್ಲ. ಆಗದಿರಬಹುದು. ಸಂಗೀತದಿಂದ ಹೊಟ್ಟೆ ತುಂಬುವುದು ವಾರ್ಸಾದಲ್ಲೂ ಕಷ್ಟ, ಹುಬ್ಬಳ್ಳಿಯಲ್ಲೂ ಕಷ್ಟ. ಹಾಡುತ್ತ ಹಾಡುತ್ತ ರಾಗ ಎನ್ನುತ್ತಾರೆ. ಹಾಡುವುದು ನಿಲ್ಲದಿದ್ದರೆ ಸಾಕು ಎಂಬುದಷ್ಟೇ ನಮ್ಮ ಆಸೆ.

ನಮ್ಮ ಸಂಘದ ಹಿರಿಯರಲ್ಲಿ ಒಂದು ವಿನಂತಿ. ಈ ಸಲ ರಾಜ್ಯೋತ್ಸವದ ಗಾಯನ ಸ್ಪರ್ಧೆಯಲ್ಲಿ ಪ್ರತಿ ಮಗುವನ್ನೂ "ನಿನ್ನ ಶ್ರುತಿ ಯಾವುದಮ್ಮಾ?" ಎಂದು ಮೊದಲು ಕೇಳೋಣ. ದನಿಯ ಬಗ್ಗೆ ಹೇಳಬೇಕಾದದ್ದಿದ್ದರೆ ಮೈಕಿನಿಂದ ದೂರ ನಿಂತು ಹೇಳೋಣ. ಪರಊರಿನಲ್ಲಿ ಮಕ್ಕಳ ಬಾಯಲ್ಲಿ ಒಂದು ವಚನ, ಒಂದು ದೇವರನಾಮ ಉಳಿಯುವುದೇ ಹೆಚ್ಚು. ಅದನ್ನೂ ನಾವೇ ನಕ್ಕು ನಿಲ್ಲಿಸಬಾರದು.

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ತೆಲುಗು ತಾಯಿ ಬಾಗಿಲಲ್ಲಿ ನಿಂತು, "ಯಾರು ಆ ಹುಡುಗ, ಎಷ್ಟು ಚೆನ್ನಾಗಿ ಹಾಡುತ್ತಾನೆ!" ಎಂದು ತಮ್ಮ ಭಾಷೆಯಲ್ಲಿ ಕೇಳಿದರು. ನಾವು ಗಾಬರಿಯಿಂದ ಒಳಗೆ ನೋಡಿದೆವು. ಪುಟ್ಟಿ ಶ್ರುತಿ ನಿಲ್ಲಿಸದೆಯೇ ಇಣುಕಿ, "ನೇನೇ ಆಂಟೀ!" ಎಂದು ನಕ್ಕು, ಬಿಟ್ಟಲ್ಲಿಂದ ಮತ್ತೆ ಹಿಡಿದಳು.