ಆರಂಗುಲದ ನೆಲ

ಮೊಮ್ಮಗುವನ್ನು ನೋಡುವ ನೆಪದಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ಎಂಬ ಊರಿನಲ್ಲಿ ಎರಡು ತಿಂಗಳಿದ್ದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನ ಕಾಲು ನಿವೃತ್ತಿಯಾದ ಮೇಲೂ ಕಾಲೇಜಿನ ಕಡೆಗೇ ತಿರುಗುತ್ತದೆ, ಗಾಣದಿಂದ ಬಿಚ್ಚಿದ ಎತ್ತು ಬಯಲಿನಲ್ಲೂ ಸುತ್ತು ಹಾಕುವಂತೆ. ದಿನವೂ ಬೆಳಿಗ್ಗೆ ಅಲ್ಲಿಯ ವಿಶ್ವವಿದ್ಯಾಲಯದ ಸ್ಪ್ರೌಲ್ ಅಂಗಳಕ್ಕೆ ಹೋಗಿ ಕುಳಿತುಬಿಡುತ್ತಿದ್ದೆ.

ಆ ಅಂಗಳದ ನೆಲದಲ್ಲಿ ಬಳೆಯಾಕಾರದ ಒಂದು ಗ್ರಾನೈಟ್ ಕಲ್ಲನ್ನು ಹುದುಗಿಸಿದ್ದಾರೆ. ನಟ್ಟನಡುವೆ ಆರಂಗುಲ ಅಗಲದಷ್ಟು ಬರಿಯ ಮಣ್ಣು. ಈ ಮಣ್ಣೂ ಇದರ ಮೇಲಿನ ಬಯಲೂ ಯಾವ ರಾಷ್ಟ್ರಕ್ಕೂ ಸೇರಿದ್ದಲ್ಲ, ಯಾರ ಅಧಿಕಾರಕ್ಕೂ ಒಳಪಟ್ಟದ್ದಲ್ಲ ಎಂಬರ್ಥದ ಮಾತನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ಮೊದಲ ದಿನ ನಾನು ಅದನ್ನು ತುಳಿದುಕೊಂಡೇ ಹೋಗಿದ್ದೆ. ಮಗಳು ಕರೆದು ತೋರಿಸಿದಳು. “ಅಂತೂ ನಿಮ್ಮ ಅಮೆರಿಕದವರು ಸ್ವಾತಂತ್ರ್ಯಕ್ಕೆ ಒಂದು ಬಟ್ಟಲಿನಷ್ಟಾದರೂ ಜಾಗ ಬಿಟ್ಟಿದ್ದಾರಲ್ಲ” ಎಂದು ನಕ್ಕೆ. ಊರಿಂದ ಬಂದ ಹಿರಿಯರ ಹಾಸ್ಯ, ಅವಳೂ ನಕ್ಕಳು.

ಆ ಅಂಗಳದ ಕಥೆ 1964ರದು. ಕರಿಯರ ನಾಗರಿಕ ಹಕ್ಕುಗಳಿಗಾಗಿ ವಿದ್ಯಾರ್ಥಿಗಳು ಕಾಲೇಜಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕರಪತ್ರ ಹಂಚುತ್ತಿದ್ದರು, ಚಂದಾ ಎತ್ತುತ್ತಿದ್ದರು. ಸೆಪ್ಟೆಂಬರಿನಲ್ಲಿ ಆಡಳಿತದವರು ಅದು ಕೂಡದೆಂದರು. ಅಕ್ಟೋಬರ್ 1ರಂದು ಜ್ಯಾಕ್ ವೈನ್‌ಬರ್ಗ್ ಎಂಬ ತರುಣನನ್ನು ಮೇಜಿನಿಂದೆಬ್ಬಿಸಿ ಪೋಲೀಸ್ ಕಾರಿನಲ್ಲಿ ಕೂರಿಸಿದ್ದಾಯಿತು. ಕಾರು ಕದಲುವ ಮೊದಲೇ ಹುಡುಗರು ಅದರ ಸುತ್ತ ಕುಳಿತುಬಿಟ್ಟರು. ಒಂದು ಗಂಟೆಯಲ್ಲ, ಎರಡು ಗಂಟೆಯಲ್ಲ, ಮೂವತ್ತೆರಡು ಗಂಟೆ! ಆ ಕಾರಿನ ನೆತ್ತಿಯೇ ಭಾಷಣದ ವೇದಿಕೆಯಾಯಿತು. ಮಾರಿಯೊ ಸಾವಿಯೊ ಎಂಬ ವಿದ್ಯಾರ್ಥಿ ಅದರ ಮೇಲೆ ಹತ್ತುವ ಮೊದಲು ಕಾಲಿನ ಷೂಸು ಬಿಚ್ಚಿಟ್ಟನಂತೆ. ದೇವಸ್ಥಾನಕ್ಕೆ ಹೋಗುವಾಗ ನಾವು ಮಾಡುವುದನ್ನು ಆತ ಪೋಲೀಸರ ಕಾರಿಗೆ ಮಾಡಿದ. ಈ ವಿವರ ನನಗೆ ಬಹಳ ಹಿಡಿಸಿತು.

ಆಗ ಆ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ದುಷ್ಟರೇನಲ್ಲ. 1967ರಲ್ಲಿ ರೇಗನ್ ಗವರ್ನರಾದ ಕೆಲವೇ ವಾರಗಳಲ್ಲಿ, ವಿದ್ಯಾರ್ಥಿಗಳ ಮೇಲೆ ಮೃದುವಾದರೆಂದು ಅವರನ್ನೇ ಮನೆಗೆ ಕಳುಹಿಸಿದರು. ಆದರೆ ಅವರು 1963ರ ತಮ್ಮ ಪುಸ್ತಕದಲ್ಲಿ ಜ್ಞಾನವನ್ನು ಒಂದು ದೊಡ್ಡ ಉದ್ಯಮವೆಂದು ಕರೆದಿದ್ದರು. ಸಾವಿಯೊ ಡಿಸೆಂಬರ್ 2ರಂದು ಸ್ಪ್ರೌಲ್ ಭವನದ ಮೆಟ್ಟಿಲ ಮೇಲೆ ನಿಂತು ಈ ಬಗೆಯ ಮಾತನ್ನೇ ತಿರುಗಿಸಿ ಕೇಳಿದ: ಇದು ಕಂಪೆನಿಯಾದರೆ ಅಧ್ಯಕ್ಷರು ಮ್ಯಾನೇಜರು, ಅಧ್ಯಾಪಕರು ನೌಕರರು, ಹಾಗಾದರೆ ನಾವು ಕಚ್ಚಾ ಮಾಲೆ? ಆ ರಾತ್ರಿ ಭವನದೊಳಗೆ ಕುಳಿತವರಲ್ಲಿ ಸುಮಾರು 800 ಜನರ ಬಂಧನವಾಯಿತು. ಡಿಸೆಂಬರ್ 8ರಂದು ಅಧ್ಯಾಪಕರ ಸಭೆ 115ರ ವಿರುದ್ಧ 824 ಮತಗಳಿಂದ ವಿದ್ಯಾರ್ಥಿಗಳ ಪರವಾಗಿ ತೀರ್ಮಾನಿಸಿತು. 1997ರಲ್ಲಿ ಆ ಮೆಟ್ಟಿಲುಗಳಿಗೆ ಸಾವಿಯೊನ ಹೆಸರನ್ನೇ ಇಟ್ಟರು. ಆತ ಹಿಂದಿನ ವರ್ಷವೇ ತೀರಿಕೊಂಡಿದ್ದ.

ಮರುವರ್ಷ, 1998ರಲ್ಲಿ, ಅದೇ ವಿಶ್ವವಿದ್ಯಾಲಯದ ಸಸ್ಯ ಮತ್ತು ಸೂಕ್ಷ್ಮಜೀವಿ ವಿಜ್ಞಾನ ವಿಭಾಗಕ್ಕೆ ನೊವಾರ್ಟಿಸ್ ಕಂಪೆನಿ ಐದು ವರ್ಷಗಳಲ್ಲಿ 2.5 ಕೋಟಿ ಡಾಲರು ಕೊಡುವುದೆಂದು ಕರಾರಾಯಿತು. ಹಣ ಹಂಚುವ ಐವರ ಸಮಿತಿಯಲ್ಲಿ ಇಬ್ಬರು ಕಂಪೆನಿಯವರು. ವಿಭಾಗದ ಶೋಧಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನ ಹಕ್ಕಿಗಾಗಿ ಮೊದಲು ಮಾತನಾಡುವ ಅವಕಾಶವೂ ಅವರದೇ. ಇದನ್ನು ಬಲವಾಗಿ ಟೀಕಿಸಿದವರಲ್ಲಿ ಇಗ್ನಾಸಿಯೊ ಚಪೇಲಾ ಎಂಬ ಅಧ್ಯಾಪಕರೊಬ್ಬರು. 2003ರಲ್ಲಿ ಅವರಿಗೆ ಖಾಯಂ ಹುದ್ದೆ ನಿರಾಕರಣೆಯಾಯಿತು. ಗದ್ದಲವಾದ ಮೇಲೆ 2005ರಲ್ಲಿ ಕೊಟ್ಟರು. ಒಂದಕ್ಕೊಂದು ಸಂಬಂಧವಿದೆಯೆಂದು ಅವರು, ಇಲ್ಲವೆಂದು ಆಡಳಿತದವರು. ನಾನು ಯೋಚಿಸಿದ್ದು ಬೇರೆ. 1964ರ ಹುಡುಗರ ಮುಂದೆ ಒಂದು ಕಾರಾದರೂ ನಿಂತಿತ್ತು, ಹತ್ತಲು. ಉಡುಗೊರೆಯ ಮೇಲೆ ಹತ್ತಿ ನಿಲ್ಲುವುದು ಹೇಗೆ?

ಇಷ್ಟೆಲ್ಲ ದೂರದ ಮಾತು ಹೇಳಿದ್ದು ಹತ್ತಿರದ ಒಂದನ್ನು ಹೇಳಲು ಹಿಂಜರಿದು.

ನಮ್ಮ ಕಾಲೇಜಿಗೆ ಒಂದು ಕಾರ್ಖಾನೆಯವರು ಸಭಾಂಗಣ ಕಟ್ಟಿಸಿಕೊಟ್ಟರು. ಕಾಲೇಜಿನ ಹೆಸರೂ ಬೇಡ, ಕಾರ್ಖಾನೆಯದೂ ಬೇಡ. ಆ ವರ್ಷ ವಾರ್ಷಿಕ ಸಂಚಿಕೆಗೆ ನಾನು ಸಂಪಾದಕ. ಎರಡನೆಯ ಬಿ.ಎಸ್‌ಸಿ. ಹುಡುಗಿಯೊಬ್ಬಳು ತನ್ನ ಊರಿನ ಕೆರೆಯ ಮೇಲೆ ಲೇಖನ ಬರೆದುಕೊಟ್ಟಳು. ಕಾರ್ಖಾನೆಯ ಕೊಳವೆ ಎಲ್ಲಿ ಬಂದು ಸೇರುತ್ತದೆ, ಯಾವ ವರ್ಷದಿಂದ ಎಮ್ಮೆಗಳು ಆ ನೀರಿಗೆ ಬಾಯಿಡುವುದನ್ನು ಬಿಟ್ಟವು, ಅವಳ ಅಜ್ಜಿ ಬಟ್ಟೆ ಒಗೆಯಲು ಈಗ ಎಷ್ಟು ದೂರ ನಡೆಯುತ್ತಾಳೆ, ಎಲ್ಲವೂ ಇತ್ತು. ಒಂದು ಬಯ್ಗಳಿಲ್ಲ, ಒಂದು ಘೋಷಣೆಯಿಲ್ಲ. ಅಂಚಿನಲ್ಲಿ ನಾನೇ ಕೆಂಪು ಶಾಯಿಯಲ್ಲಿ “ಬಹಳ ಚೆನ್ನಾಗಿದೆ” ಎಂದು ಬರೆದಿದ್ದೆ.

ಆಮೇಲೆ ತೆಗೆದುಹಾಕಿದೆ. ಪ್ರಿನ್ಸಿಪಾಲರು ಹೇಳಿದ್ದರೆ ಅವರ ಮೇಲಾದರೂ ಹಾಕಬಹುದಾಗಿತ್ತು. ಅವರು ಲೇಖನವನ್ನು ನೋಡಿಯೇ ಇರಲಿಲ್ಲ. ಕಾರ್ಖಾನೆಯವರಿಗೆ ನಮ್ಮದೊಂದು ಸಂಚಿಕೆ ಇರುವುದೇ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಯಾರೂ ಏನೂ ಹೇಳಲಿಲ್ಲ. ಹೊಸ ಸಭಾಂಗಣದ ಮೆತ್ತನೆಯ ಕುರ್ಚಿಯಲ್ಲಿ ನಾಲ್ಕಾರು ಸಲ ಕುಳಿತಿದ್ದೆ, ಅಷ್ಟೆ.

“ಪುಟ ಸಾಲದಮ್ಮ” ಎಂದೆ ಅವಳಿಗೆ.

“ಸರಿ ಸಾರ್. ಕಾಗದ ವಾಪಸು ಕೊಡ್ತೀರಾ? ಬೇರೆ ಪ್ರತಿ ಇಲ್ಲ” ಎಂದಳು.

ಕೊಟ್ಟೆ. ಕೆಂಪು ಶಾಯಿಯ ಮಾತು ಹಾಗೆಯೇ ಇತ್ತು. ಅವಳು ಅದನ್ನು ಓದಿದಳು, ಮಡಿಸಿ ಪುಸ್ತಕದೊಳಗಿಟ್ಟುಕೊಂಡಳು, ನಮಸ್ಕಾರ ಮಾಡಿ ಹೋದಳು. ಸಾಲದ ಆ ಪುಟದಲ್ಲಿ ಸಭಾಂಗಣದ ಉದ್ಘಾಟನೆಯ ಫೋಟೋ ಅಚ್ಚಾಯಿತು. ಇಡೀ ಪುಟ. ದಾನಿಗಳ ಹಿಂದೆ ಎರಡನೆಯ ಸಾಲಿನಲ್ಲಿ ನಾನೂ ಇದ್ದೇನೆ.

ಊರಿಗೆ ಹೊರಡುವ ಹಿಂದಿನ ದಿನ ಮತ್ತೊಮ್ಮೆ ಸ್ಪ್ರೌಲ್ ಅಂಗಳಕ್ಕೆ ಹೋದೆವು. ವಿದ್ಯಾರ್ಥಿಗಳು ಎಂದಿನಂತೆ ಮೇಜು ಹಾಕಿಕೊಂಡು ನಿಂತಿದ್ದರು. ಒಬ್ಬಳು ಕೈಗೊಂದು ಕರಪತ್ರ ಕೊಟ್ಟಳು. ನಾನು ಆ ದುಂಡುಕಲ್ಲನ್ನು ಬಳಸಿಕೊಂಡು ಹೋದೆ. ಹೋಗಿ, ಮತ್ತೆ ಹಿಂದಿರುಗಿ ಬಂದು ನಿಂತೆ.

“ಏನಪ್ಪ, ಏನಾದರೂ ಬೀಳಿಸಿಕೊಂಡೆಯಾ?” ಎಂದಳು ಮಗಳು.

“ಏನಿಲ್ಲ, ನಡಿ” ಎಂದೆ.